ಪ್ರೇಮಿಯ ಪಾತ್ರ ನನಗೇ ಬೇಕು ಎಂದೆ

ದುಬೈಗೆ ಬಂದಾಗಿನಿಂದ ನಮ್ಮ ಕನ್ನಡ ಸಂಘದ ನಾಟಕಗಳಲ್ಲಿ ನನಗೆ ಸಿಗುತ್ತಿದ್ದದ್ದು ಒಂದೇ ಪಾತ್ರ: ಕುರ್ಚಿ ಮುರಿದು ಬೀಳುವ ದಢೂತಿ ಮನುಷ್ಯ. ನಾನೂ ಖುಷಿಯಿಂದಲೇ ಬೀಳುತ್ತಿದ್ದೆ. ಜೆಬೆಲ್ ಅಲಿಗೆ ಹೋಗುವ ಕಂಪನಿ ಬಸ್ಸಿನಲ್ಲೂ ಅಷ್ಟೇ. ಪಕ್ಕದವರು ಮುಖ ಸಿಂಡರಿಸುವ ಮೊದಲೇ, "ಎರಡು ಸೀಟಿನ ಗಿರಾಕಿ ಬಂದೆ, ಜಾಗ ಬಿಡಿ" ಎಂದು ನಾನೇ ನಗಿಸಿಬಿಡುತ್ತಿದ್ದೆ. ನಗಿಸಿದರೆ ಮಾತ್ರ ಜನ ನನ್ನನ್ನು ಸೇರಿಸಿಕೊಳ್ಳುತ್ತಾರೆ ಎಂದು ನಂಬಿದ್ದೆ.

ಕಳೆದ ವರ್ಷದ ನಾಟಕದಲ್ಲಿ ಒಬ್ಬ ಪ್ರೇಮಿಯಿದ್ದ. ನಡುವಯಸ್ಸಿನ ವಿಧುರ, ನೆರೆಮನೆಯ ಟೀಚರನ್ನು ಮದುವೆಗೆ ಕೇಳುವವನು. ಓದುತ್ತಿದ್ದಂತೆ ಈ ಪಾತ್ರ ನನಗೇ ಬೇಕು ಅನಿಸಿತು. ನಿರ್ದೇಶಕರು ಮಂಗಳೂರು ಕಡೆಯವರು, ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ನೇರವಾಗಿ ಅವರನ್ನೇ ಕೇಳಿಬಿಟ್ಟೆ.

"ನೀವಾ? ಜನ ನಗಾಡ್ತಾರೆ ಮಾರಾಯ್ರೆ."

"ನಗಾಡ್ಲಿ. ಒಂದ್ಸಲ ಓದಿ ತೋರಿಸ್ತೇನೆ. ಆಗ್ಲಿಲ್ಲಾಂದ್ರೆ ಖಲಾಸ್."

ಓದಿದೆ. ಅವರು "ರಿಹರ್ಸಲಿಗೆ ಬನ್ನಿ. ಆದ್ರೆ ಹೊಟ್ಟೆ ತಟ್ಟಿ ಜೋಕ್ ಮಾಡಿದ್ರೆ ಪಾತ್ರ ಬೇರೆಯವರಿಗೆ" ಎಂದರು.

ಅದೇ ಕಷ್ಟವಾಯಿತು. ಮಾತು ತಡವರಿಸಿದಾಗಲೆಲ್ಲ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಗುತ್ತಿತ್ತು. ಟೀಚರ್ ಪಾತ್ರ ಮಾಡುತ್ತಿದ್ದ ಕುಂದಾಪುರದ ಹೆಂಗಸು ಒಂದು ದಿನ ಹೇಳಿಯೇಬಿಟ್ಟರು: "ನನ್ನ ಮುಖ ನೋಡಿ ಮಾತಾಡಿ. ನಿಮ್ಮ ತಮಾಷೆಗೆ ಕಾಯ್ತಾ ಇಲ್ಲ ನಾನು."

ಪ್ರದರ್ಶನದ ಸಂಜೆ ಶಾಲೆಯ ಸಭಾಂಗಣ ತುಂಬಿತ್ತು. ನಾನು ರಂಗದ ಮೇಲೆ ಬಂದದ್ದೇ ತಡ, ಅಭ್ಯಾಸಬಲದಿಂದ ಎಲ್ಲರೂ ನಕ್ಕರು. ನಾಲಗೆಯ ತುದಿಗೆ ಜೋಕೊಂದು ಬಂತು. ನುಂಗಿಕೊಂಡೆ. ನಗು ತಾನಾಗಿ ತಣ್ಣಗಾಗುವವರೆಗೂ ಟೀಚರ್ ಮುಖವನ್ನೇ ನೋಡುತ್ತಾ ನಿಂತು, ಮಾತು ಶುರು ಮಾಡಿದೆ.

"ಒಬ್ಬನೇ ಉಂಡು ಸಾಕಾಗಿದೆ ಟೀಚರ್. ನೀವು ಬರ್ತೀರಾ?"

ಸಭಾಂಗಣ ಗಪ್‌ಚಿಪ್. ಅವರು ಹೂಂ ಎಂದು ತಲೆಯಾಡಿಸಿದರು ನೋಡಿ, ಹಿಂದಿನ ಸಾಲುಗಳಿಂದ ಶಿಳ್ಳೆಯೋ ಶಿಳ್ಳೆ! ನನಗೆ ಅಲ್ಲೇ ಕುಣಿಯಬೇಕೆನಿಸಿತು.

ಪರದೆ ಬಿದ್ದ ಕೂಡಲೇ ಮಗಳು ಓಡಿ ಬಂದು, "ಪಪ್ಪಾ, ಯು ಲುಕ್ಡ್ ಸೋ ಹ್ಯಾಂಡ್ಸಮ್!" ಎಂದು ಕುತ್ತಿಗೆಗೆ ಜೋತುಬಿದ್ದಳು. ಹೆಂಡತಿ ನನ್ನ ಬಣ್ಣ ಹಚ್ಚಿದ ಕೆನ್ನೆ ಒರೆಸುತ್ತಾ, "ನಂಗೆ ಯಾವತ್ತಾದ್ರೂ ಹೀಗೆ ಕೇಳಿದ್ದುಂಟಾ?" ಎಂದು ಹುಸಿಮುನಿಸು ತೋರಿದಳು.

ಬಸ್ಸಿನ ಗೆಳೆಯನೊಬ್ಬ ಬೆನ್ನು ತಟ್ಟಿದ. "ಸೂಪರ್! ಆದ್ರೆ ಮುಂದಿನ ಸಲ ಕಾಮಿಡಿ ಮಾಡ್ಬೇಕು ಆಯ್ತಾ?"

"ಪಾತ್ರ ಒಳ್ಳೇದಿದ್ರೆ ನೋಡುವ" ಎಂದೆ. ಆಮೇಲೆ ಎಲ್ಲರನ್ನೂ ಊಟಕ್ಕೆ ಎಳೆದುಕೊಂಡು ಹೊರಟೆ.