ಗೇರಿನ ಟಿಕಿಟಿಕಿ

ನಮ್ಮ ವ್ಯಾನಿಗೆ ವಯಸ್ಸಾಯಿತು ಎಂದು ಯಾರಾದರೂ ಹೇಳಿದರೆ ನನ್ನ ಗಂಡನಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಡೊಂಬಿವಲಿಯ ನಮ್ಮ ಅಡುಗೆಮನೆಯಲ್ಲಿ ಅರೆದ ಇಡ್ಲಿ ಹಿಟ್ಟು, ಚಟ್ನಿ, ಸಾಂಬಾರನ್ನು ಮಹಾಪೆಯ ಕ್ಯಾಂಟೀನುಗಳಿಗೆ ಮುಟ್ಟಿಸುವುದು ಅದೇ ವ್ಯಾನ್. ಅಡುಗೆ ನನ್ನದು, ಸ್ಟೀರಿಂಗ್ ಅವರದು. ಊರಿಂದ ಬಂದ ಮೇಲೆ ಅರ್ಧ ಆಯುಷ್ಯ ಪರರ ಹೋಟೆಲಿನ ಗಲ್ಲಾದಲ್ಲಿ ಕೂತವರು ಅವರು. ಬಂದವರಿಗೆಲ್ಲ ಹಲ್ಲು ಕಿರಿಯದೆ, ಗಾಳಿಗೆ ಮುಖ ಕೊಟ್ಟು, ತಮ್ಮಿಷ್ಟದ ಹಾಗೆ ಕೂತದ್ದು ಈ ಡ್ರೈವರ್ ಸೀಟಿನಲ್ಲಿ ಮಾತ್ರ. ಅದನ್ನು ಬಿಡಿಸಿದರೆ ಮನುಷ್ಯ ಕುಗ್ಗಿಹೋಗುತ್ತಾರೆಂದು ನನಗೆ ಗೊತ್ತಿತ್ತು.

ಆದ್ದರಿಂದಲೇ ಮೊದಲ ಸಲ ಆ ಸದ್ದು ಕೇಳಿದಾಗ ನನ್ನ ಎದೆ ಧಸಕ್ಕೆಂದಿತು. ಶಿಳ್‌ಫಾಟಾದ ಸಿಗ್ನಲಿನಲ್ಲಿ ನಿಂತಿದ್ದೆವು. ಟಿಕಿಟಿಕಿಟಿಕಿ. ಸ್ಟೀಲ್ ಲೋಟಕ್ಕೆ ಚಮಚ ತಾಗಿದ ಹಾಗೆ. ಅವರು ಗೇರ್ ಹಾಕಿದರು, ನಿಂತಿತು. ಮುಂದಿನ ಸಿಗ್ನಲಿನಲ್ಲಿ ಮತ್ತೆ ಶುರು. ಈ ವ್ಯಾನಿನ ಎಂಜಿನ್ ಇರುವುದು ನಾವು ಕೂರುವ ಸೀಟಿನ ಅಡಿಯಲ್ಲೇ.

"ರೀ, ಎಂತದೋ ಶಬ್ದ ಬರ್ತಾ ಉಂಟು."

"ಎಂತ ಇಲ್ಲ ಮಾರಾಯ್ತಿ. ನಿನ್ನ ತಲೆಯಲ್ಲಿ ಗ್ರೈಂಡರ್ ಇನ್ನೂ ನಿಂತಿಲ್ಲ."

ಗೇರ್‌ಬಾಕ್ಸ್ ಕೆಟ್ಟರೆ ಮತ್ತೆ ದುಡ್ಡು ಸುರಿಯಬೇಡಿ, ಭಂಗಾರಿಗೆ, ಅಂದರೆ ಗುಜರಿಗೆ, ಹಾಕಿ ಎಂದು ಖಾರಘರದಲ್ಲಿರುವ ಮಗಳು ಮೊದಲೇ ತೀರ್ಪು ಕೊಟ್ಟಾಗಿತ್ತು. ಅವಳಿಗೆ ಸುದ್ದಿ ಮುಟ್ಟುವ ಮೊದಲು ಶಹಾಡಿನ ಗ್ಯಾರೇಜಿಗೆ ಹೋಗಿ ಬರೋಣವೆಂದು ನಾನು ಹಠ ಹಿಡಿದೆ. ಅವರು ಇಲ್ಲದ ನೆಪಗಳನ್ನೆಲ್ಲ ಹೇಳಿದರು. ನಾನು ಜಗ್ಗುವವಳಲ್ಲ, ಹೋದೆವು.

ಅಲ್ಲಿನ ಮೆಕ್ಯಾನಿಕ್ ವಿಜಯಪುರದ ಕಡೆಯವನು. ನಮ್ಮ ಬಾಯಲ್ಲಿ ಶಬ್ದವಾದದ್ದು ಅವನ ಬಾಯಲ್ಲಿ ಸಪ್ಪಳ, ಅವನ ಉಳಿದ ಗಿರಾಕಿಗಳಿಗೆಲ್ಲ ಆವಾಜ್.

"ಸಪ್ಪಳ ಹೆಂಗ ಬರ್ತೈತ್ರಿ ಅಕ್ಕಾರ? ಖಡಖಡ ಅಂತೈತೋ, ಗುರ್ ಅಂತೈತೋ?"

"ಟಿಕಿಟಿಕಿ."

"ಅದು ಗಡಿಯಾರ ಆತಲ್ರಿ!" ಎಂದು ನಕ್ಕ.

ಆದರೂ ಸೀಟು ಎತ್ತಿದ. ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿಯನ್ನು ಎಂಜಿನ್ನಿಗೂ ಇನ್ನೊಂದನ್ನು ತನ್ನ ಕಿವಿಗೂ ಒತ್ತಿ ಆಲಿಸಿದ. ಎರಡು ಬೋಲ್ಟು ಬಿಗಿ ಮಾಡಿದ. ಕೊನೆಗೆ ತಾನೇ ಸ್ಟೀರಿಂಗ್ ಹಿಡಿದು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾರ್ಖಾನೆಗಳ ಸುತ್ತ ಒಂದು ಸುತ್ತು ಹೊಡೆದ. ನಿಲ್ಲಿಸಿದ, ಓಡಿಸಿದ, ಮತ್ತೆ ನಿಲ್ಲಿಸಿದ. ಟಿಕಿಟಿಕಿಯ ಸುಳಿವೇ ಇಲ್ಲ. ನನಗೆ ನಾಚಿಕೆಯಾಯಿತು.

"ಗಾಡ್ಯಾಗ ಏನೂ ಇಲ್ರೀ ಅಣ್ಣಾರ, ಇನ್ನೂ ಭಾಳ ದಿನ ಓಡತೈತಿ," ಎಂದು ಚಾವಿ ಚಾಚಿದ.

ಇನ್ನು ಮನೆ ಮುಟ್ಟುವವರೆಗೆ ನನ್ನ ಕಾಲೆಳೆಯುತ್ತಾರೆ ಎಂದುಕೊಂಡೆ. ಆದರೆ ಅವರು ಎಡಗೈಯನ್ನು ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡೇ ಬಲಗೈಯಲ್ಲಿ ಚಾವಿ ತೆಗೆದುಕೊಂಡರು.

ಕಲ್ಯಾಣದ ಪತ್ರಿಪೂಲ್ ಸೇತುವೆಯ ಹತ್ತಿರ ಎಂದಿನಂತೆ ಟ್ರಾಫಿಕ್ ಜಾಮ್. ಮುಂದಿನ ರಿಕ್ಷಾದವನು ಇಳಿದು ತಂಬಾಕು ತಿಕ್ಕತೊಡಗಿದ ಮೇಲೆ ನಮ್ಮವರೂ ಎಂಜಿನ್ ಆಫ್ ಮಾಡಿದರು. ಸುತ್ತ ಒಂದು ಗಳಿಗೆ ಸದ್ದಡಗಿತು.

ಟಿಕಿಟಿಕಿಟಿಕಿ.

ಎಂಜಿನ್ ನಿಂತಿದೆ, ಸದ್ದು ಮಾತ್ರ ನಿಂತಿಲ್ಲ. ನಾನು ಕೆಳಗೆ ನೋಡಿದೆ. ಗೇರಿನ ತುದಿಯ ಪ್ಲಾಸ್ಟಿಕ್ ಗುಂಡು ಎಂದೋ ಒಡೆದುಹೋಗಿ ಬರಿಯ ಕಬ್ಬಿಣದ ಸರಳು ಉಳಿದಿತ್ತು. ಅದರ ಮೇಲೆ ಅವರ ಎಡಗೈ. ಬೆರಳುಗಳು ತಮ್ಮಷ್ಟಕ್ಕೆ ನಡುಗುತ್ತಿದ್ದವು. ಈಚೆಗೆ ಸಡಿಲವಾಗಿದ್ದ ಮದುವೆಯ ಉಂಗುರ ಸರಳಿಗೆ ಬಡಿಯುತ್ತಿತ್ತು. ಗೇರ್ ಹಾಕಲು ಬಿಗಿಯಾಗಿ ಹಿಡಿದಾಗ ಮಾತ್ರ ನಡುಕ ಅಡಗುತ್ತಿದ್ದದ್ದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಗ್ಯಾರೇಜಿನಲ್ಲಿ ಆ ಕೈ ಜೇಬು ಸೇರಿದ್ದು ಯಾಕೆಂದು ಈಗ ತಿಳಿಯಿತು.

ಹೆದರಿಕೆಯಾಯಿತು, ನಿಜ. ಅದಕ್ಕಿಂತ ಹೆಚ್ಚಾಗಿ, ಇಷ್ಟು ದಿನ ಇದನ್ನು ಒಬ್ಬರೇ ಬಚ್ಚಿಟ್ಟುಕೊಂಡು ತಿರುಗಿದರಲ್ಲ ಎಂದು ಕರುಳು ಹಿಂಡಿತು.

ನನ್ನ ಕೈಯನ್ನು ಅವರ ಕೈಯ ಮೇಲಿಟ್ಟೆ. ಸದ್ದು ನಿಂತಿತು.

"ಯಾವಾಗಿಂದ?"

"ಮಳೆ ಶುರುವಾಗುವ ಮೊದಲಿಂದಲೇ." ಅವರು ರಿಕ್ಷಾದವನನ್ನೇ ನೋಡುತ್ತಿದ್ದರು. "ಹೇಳಿದ್ರೆ ನೀನು ಚಾವಿ ತೆಗೆದಿಡ್ತಿದ್ದಿ."

"ಹೌದು, ತೆಗೆದಿಡ್ತಿದ್ದೆ."

ನಮ್ಮ ಮದುವೆಯಲ್ಲಿ ಅರಿಶಿನದ ನೀರಿನ ಕೊಡಕ್ಕೆ ಇವರ ಈ ಉಂಗುರವನ್ನೇ ಹಾಕಿ ಇಬ್ಬರ ಕೈಯಲ್ಲೂ ಹುಡುಕಿಸಿದ್ದರು. ಯಾರಿಗೆ ಸಿಗುತ್ತದೋ ಮನೆಯಲ್ಲಿ ಅವರದೇ ಕಾರುಬಾರು ಎಂಬ ತಮಾಷೆ. ಸಿಕ್ಕಿದ್ದು ಇವರಿಗೆ. ಯಾರಿಗೂ ಕಾಣದಂತೆ ನೀರಿನೊಳಗೇ ಅದನ್ನು ನನ್ನ ಅಂಗೈಗೆ ತುರುಕಿದ್ದರು. ನನ್ನ ಕಡೆಯವರು ಕೇಕೆ ಹಾಕಿದ್ದೇ ಹಾಕಿದ್ದು. ಈಗ ಅವರು ಅದೇ ಉಂಗುರವನ್ನು ಕಳಚಿ ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದರು.

"ಇಕೋ. ನಾಳೆ ಡಾಕ್ಟರ ಹತ್ರ ಹೋಗುವ. ಮನೆ ಮುಟ್ಟಿದ ಮೇಲೆ ಚಾವಿಯೂ ನಿಂಗೇ," ಎಂದರು. "ಗಾಡಿ ಮಾತ್ರ ಭಂಗಾರಿಗೆ ಬೇಡ."

"ಗಾಡಿಗೆ ಎಂತ ಆಗಿದೆ? ಸರಿಯೇ ಉಂಟಲ್ಲ."

ಮುಂದಿನ ರಿಕ್ಷಾ ಅಲುಗಿತು. ಅವರು ಎಂಜಿನ್ ಚಾಲೂ ಮಾಡಿದರು. ಉಂಗುರವನ್ನು ನನ್ನ ಹೆಬ್ಬೆರಳಿಗೆ ಏರಿಸಿಕೊಂಡು, ಗೇರಿನ ಮೇಲಿದ್ದ ಅವರ ಕೈಯನ್ನು ಮತ್ತೆ ಹಿಡಿದೆ. ಅದು ನನ್ನ ಹಿಡಿಯೊಳಗೂ ನಡುಗುತ್ತಿತ್ತು. ನಾನು ಗಾಬರಿಯಲ್ಲಿ ಗೇರಿನ ಸರಳನ್ನೂ ಸೇರಿಸಿ ಎಳೆದುಬಿಟ್ಟೆ, ವ್ಯಾನ್ ಕರ್ರೆಂದು ಕಿರುಚಿತು.

"ನಾನು ಕ್ಲಚ್ ಒತ್ತಿದ ಮೇಲೆ ಎಳಿ ಮಾರಾಯ್ತಿ," ಎಂದರು. ಆ ದಿನ ಅವರು ನಕ್ಕದ್ದು ಆಗ ಮಾತ್ರ. "ಕಲಿಯುವುದಾದ್ರೆ ಸರಿಯಾಗಿ ಕಲಿ. ಹೂಂ, ಈಗ."

ನಾನು ಎಳೆದೆ.