ಮೂರು ಸಲ ಒತ್ತಿದ ಬಿಳಿ ಕೋಲು

ಶಾರದಮ್ಮನವರ ಫೋನು ನಮ್ಮ ಭಜನಾ ಮಂಡಳಿಯ ವಾಟ್ಸಾಪ್ ಸಂದೇಶಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದುತ್ತಿತ್ತು. ಇನ್ನೆರಡು ಕಳೆದರೆ ನನ್ನದು ಬರುತ್ತದೆಂದು ನನಗೆ ಗೊತ್ತಿತ್ತು. ಪ್ರಸಾದದ ಡಬ್ಬಿ ಕೊಡಲು ಅವರ ಮನೆಗೆ ಬಂದು ಕೂತಿದ್ದೆ.

ಮೈಲಾಪೂರಿನ ನಮ್ಮ ಮಂಡಳಿಯಲ್ಲಿ ಹಾಡುವ ಅವರಿಗೆ ಹುಟ್ಟಿನಿಂದ ಕಣ್ಣು ಕಾಣದು. ಆ ಬೆಳಿಗ್ಗೆ ಕಾರ್ಯದರ್ಶಿ ಮೂರ್ತಿ ದ್ವಾದಶಿ ಪಾರಣೆಯ ಹೊತ್ತನ್ನು ತಪ್ಪಾಗಿ ಹಾಕಿದ್ದ. ‘ಪಂಚಾಂಗ ನೋಡಲು ಕಣ್ಣಿಲ್ಲವೇ?’ ಎಂದು ನಾನು ಕೆಳಗೆ ಬರೆದು, ಬಿಳಿ ಕೋಲು ಹಿಡಿದ ಮನುಷ್ಯನ ಇಮೋಜಿಯನ್ನು ಮೂರು ಸಲ ಒತ್ತಿದ್ದೆ. ಒಂಬತ್ತು ಜನ ನಕ್ಕಿದ್ದರು. ಶಾರದಮ್ಮನವರೂ ಅದನ್ನು ಕೇಳುತ್ತಾರೆಂದು ನನಗೆ ಹೊಳೆದೇ ಇರಲಿಲ್ಲ.

“ಅದನ್ನ ಆಮೇಲೆ ಕೇಳಿ, ಪೊಂಗಲ್ ಆರಿಹೋಗುತ್ತೆ,” ಎಂದೆ.

“ಚುಮ್ಮಾ ಕೂತ್ಕೊಳ್ಳಿ ರಾಯರೇ, ಇನ್ನೇನು ಮುಗೀತು.”

ಫೋನು ಮೊದಲು ನನ್ನ ಹೆಸರು ಹೇಳಿತು. ಆಮೇಲೆ ನನ್ನ ಪ್ರಶ್ನೆ ಓದಿತು. ಆಮೇಲೆ ಅದೇ ಸಪ್ಪೆ ದನಿಯಲ್ಲಿ, “ಬಿಳಿ ಕೋಲು ಹಿಡಿದ ಮನುಷ್ಯ, ಬಿಳಿ ಕೋಲು ಹಿಡಿದ ಮನುಷ್ಯ, ಬಿಳಿ ಕೋಲು ಹಿಡಿದ ಮನುಷ್ಯ.”

ಶಾರದಮ್ಮ ಫೋನನ್ನು ಮಡಿಲಲ್ಲಿಟ್ಟರು.

“ಮೂರ್ತಿನ ಬೈಯೋಕೆ ನಮ್ಮೋರು ಮೂರು ಜನ ಬೇಕಾಯ್ತಾ ರಾಯರೇ?”

ಡಬ್ಬಿ ಇಟ್ಟು ಎದ್ದು ಬಂದೆ.

ಆ ಸಂದೇಶವನ್ನು ಅಳಿಸಬಹುದಿತ್ತು. ಅಳಿಸದೆ, ಅದರ ಕೆಳಗೇ ‘ಶಾರದಮ್ಮನವರೇ, ತಪ್ಪಾಯಿತು’ ಎಂದು ಬರೆದೆ. ಅವರಿಂದ ಉತ್ತರ ಬರಲಿಲ್ಲ. ಶನಿವಾರದ ಭಜನೆಯಲ್ಲಿ ಅವರು ಎಂದಿನಂತೆ ಹಾಡಿದರು. ಎಪ್ಪತ್ತನಾಲ್ಕು ವರ್ಷದ ನಾನು ಎದುರಿಗೆ ಕೂತು ತಾಳ ಹಾಕಿದೆ. ನನ್ನ ಮುಖ ಅವರಿಗೆ ಕಾಣದೆಂದು ಗೊತ್ತಿದ್ದರೂ ತಲೆ ಎತ್ತಲಾಗಲಿಲ್ಲ.