ಕಸ್ತೂರಮ್ಮ ಟೀಚರ್ ಮತ್ತು ಬಾವಿಯ ಸುದ್ದಿ

ಕತ್ತಲಗೆರೆಯಿಂದ ಒಳಗಿದ್ದ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಕಸ್ತೂರಮ್ಮ ಸಮಾಜ ಪಾಠ ಮಾಡುತ್ತಿದ್ದರು. ದಿನಾ ಚನ್ನಗಿರಿಯಿಂದ ಬಸ್ಸಿನಲ್ಲಿ ಬರುವವರು. ಯಾವ ಮಾತನ್ನೂ ಸುಲಭಕ್ಕೆ ನಂಬುವ ಜಾಯಮಾನ ಅವರದಲ್ಲ. ಬೆಂಡೆಕಾಯಿ ಎಳೆಯದು ಅಂದರೆ ತುದಿ ಮುರಿದು ನೋಡುವರು. ಪುಸ್ತಕದಲ್ಲಿ ಯಾವುದಾದರೂ ರಾಜ ಮಹಾದಾನಿ ಎಂದಿದ್ದರೆ, "ಹಂಗಂತ ಬರೆದೋರು ಯಾರು? ಅವನ ಅನ್ನ ಉಂಡೋರೇನು?" ಎಂದು ಮಕ್ಕಳನ್ನೇ ಕೇಳುವರು. "ಈಯಮ್ಮ ಹುಡುಗರಿಗೆ ಎದುರಾಡಾಕೆ ಕಲಿಸ್ತಾಳೆ" ಎಂದು ಊರಿನವರು ಗೊಣಗುತ್ತಿದ್ದರು.

ಎಪ್ಪತ್ತೆಂಟರ ಮಳೆಗಾಲದಲ್ಲಿ ಆ ಹಳ್ಳಿಗೆ ವಾಂತಿಭೇದಿ ಹೊಕ್ಕಿತು. ಅದರ ಬೆನ್ನಿಗೇ ಒಂದು ಸುದ್ದಿ: ಜಗಳೂರು ಕಡೆಯಿಂದ ಬಂದು ಬಾವಿ ಪಕ್ಕದ ಗುಡಿಸಲಲ್ಲಿದ್ದ ಮುದುಕಿ ಅಂಜಮ್ಮ ನೀರಿಗೆ ಏನೋ ಹಾಕುತ್ತಾಳೆ. ಅವಳು ಹಾದು ಹೋದರೆ ತಾಯಂದಿರು ಮಕ್ಕಳನ್ನು ಒಳಗೆ ಎಳೆದುಕೊಳ್ಳತೊಡಗಿದರು. ಕಿರಾಣಿ ಅಂಗಡಿಯ ಬಸವರಾಜಪ್ಪ ಅವಳಿಗೆ ಉಪ್ಪು ಕೊಡಲಿಲ್ಲ.

ಹತ್ತನೇ ತರಗತಿಯಲ್ಲೂ ಅದೇ ಪಿಸುಮಾತು. "ಒಬ್ಬರಲ್ಲ ಟೀಚರ್, ಮೂರು ಜನ ದೊಡ್ಡೋರು ಹೇಳ್ಯಾರೆ" ಎಂದ ಒಬ್ಬ ಹುಡುಗ.

"ಹಂಗಾದ್ರೆ ಅವರ ಹತ್ರಾನೇ ಹೋಗ್ರಿ. ಕಂಡಿದ್ದೋ ಕೇಳಿದ್ದೋ ಅಂತ ವಿಚಾರಿಸ್ರಿ. ಕೇಳಿದ್ದಾದ್ರೆ ಯಾರಿಂದ ಅಂತ ತಿಳ್ಕೊಂಡು ಬರ್ರಿ. ಜಗಳ ಮಾತ್ರ ಬ್ಯಾಡ."

ಮರುದಿನ ಮಕ್ಕಳು ಬಂದು ಹೇಳಿದ್ದು ಹೀಗೆ: ಹಿಟ್ಟಿನ ಗಿರಣಿಯ ಜಂಪಣ್ಣನಿಗೆ ಹೇಳಿದವನು ಬಸವರಾಜಪ್ಪ. ಬಸವರಾಜಪ್ಪನಿಗೆ ಹೇಳಿದವಳು ನೆರೆಮನೆಯ ಕರಿಯಕ್ಕ. ಕರಿಯಕ್ಕನೋ, ತಾನು ಗಿರಣಿಯಲ್ಲಿ ಜಂಪಣ್ಣನ ಬಾಯಿಂದ ಕೇಳಿದ್ದು ಎಂದಿದ್ದಳು. ತರಗತಿ ಗೊಳ್ಳೆಂದು ನಕ್ಕಿತು. ಸುದ್ದಿ ಸುಳ್ಳೆಂದು ಕಸ್ತೂರಮ್ಮ ಹೇಳಬೇಕು, ಅಷ್ಟರಲ್ಲಿ ಹಿಂದಿನ ಬೆಂಚಿನ ಹುಲಿಗೆಮ್ಮ ಎದ್ದು ನಿಂತಳು.

"ನಮ್ಮವ್ವ ಕಂಡಾಳೆ ಟೀಚರ್. ಅಂಜಮ್ಮ ಬಾವಿಗೆ ಬಿಳೇದು ಏನೋ ಸುರಿಯಾದು ಕಂಡಾಳೆ. ಕರಿಯಕ್ಕಂಗೆ ಮೊದ್ಲು ಹೇಳಿದ್ದೂ ಅವಳೇ."

ನಗು ನಿಂತಿತು. ಹುಲಿಗೆಮ್ಮನ ತಾಯಿ ದುರುಗಮ್ಮ ಇಲ್ಲದ್ದು ಕಟ್ಟಿ ಹೇಳುವವಳಲ್ಲ. ಆ ಬಾವಿಯಿಂದಲೇ ತುಂಬುತ್ತಿದ್ದ ಶಾಲೆಯ ಬಿಂದಿಗೆಯ ನೀರನ್ನು ಆ ದಿನ ಕಸ್ತೂರಮ್ಮನೂ ಮುಟ್ಟಲಿಲ್ಲ. ಆದರೆ ಇಷ್ಟು ದಿನದಲ್ಲಿ ಅಂಜಮ್ಮನನ್ನೇ ಯಾರೂ ಕೇಳಿಲ್ಲವೆಂಬುದು ಹೊಳೆದದ್ದೂ ಆಗಲೇ. ಸಂಜೆ ತಾಯಿ ಮಗಳಿಬ್ಬರನ್ನೂ ಕರೆದುಕೊಂಡು ಗುಡಿಸಲಿಗೆ ಹೋದರು.

"ಬಾವಿಗೆ ಏನಾದ್ರೂ ಹಾಕಿದ್ರಾ ಅಂಜಮ್ಮಾ?"

"ಹೂಂ, ಹಾಕೀನಿ." ಮುದುಕಿ ಅಳುಕದೆ ಒಂದು ಮಡಕೆ ತಂದು ಮುಂದಿಟ್ಟಳು. "ಸುಣ್ಣ. ಮಳೆನೀರು ಬಾವಿಗಿಳಿದ್ರೆ ನಮ್ಮೂರಾಗೆ ಎಲ್ಲಾರೂ ಹಾಕ್ತೀವಿ. ಕೇಳಿದ್ರೆ ನಾನೇ ಹೇಳ್ತಿದ್ದೆ."

ಅವಳ ಮಾತು ನಿಜವೆನ್ನಿಸಿತು. ಆದರೂ ಕಸ್ತೂರಮ್ಮ ಒಂದು ಚಿಟಿಕೆ ಪುಡಿಯನ್ನು ಕಾಗದದಲ್ಲಿ ಕಟ್ಟಿಕೊಂಡರು. ಅಂಜಮ್ಮ ನೋಡುತ್ತಲೇ ಇದ್ದಳು.

ಚನ್ನಗಿರಿಯ ಹೆಲ್ತ್ ಇನ್‌ಸ್ಪೆಕ್ಟರ್ ಪೊಟ್ಟಣ ಬಿಚ್ಚಿ ನೋಡಿ ಸುಣ್ಣವೇ ಎಂದರು. ತಾವೇ ಹಳ್ಳಿಗೆ ಬಂದು ಬಾವಿಯ ಸುತ್ತ ಅಡ್ಡಾಡಿದರು. ಮೇಲ್ಗಡೆಯ ತಿಪ್ಪೆಗುಂಡಿಯ ಬದು ಮಳೆಗೆ ಒಡೆದು ಕೊಳೆನೀರು ಬಾವಿಗೆ ಇಳಿಯುತ್ತಿತ್ತು. ಗುಂಡಿ ಮುಚ್ಚಿಸಿ, ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿಸಿದ ಮೇಲೆ ಕಾಯಿಲೆ ಇಳಿಯಿತು. ಮಕ್ಕಳು ಮನೆಮನೆಯಲ್ಲಿ ನಡೆದದ್ದನ್ನು ಹೇಳಿದರು. ಬಸವರಾಜಪ್ಪ ಉಪ್ಪು ಕೊಟ್ಟ, ಆದರೆ "ಒಳಗೊಳಗೆ ಏನೈತೋ ಯಾರಿಗೆ ಗೊತ್ತು" ಅನ್ನುವುದನ್ನು ಬಿಡಲಿಲ್ಲ.

ಈ ವಿಷಯ ತಿಳಿಸಲು ಕಸ್ತೂರಮ್ಮ ಸಂತೋಷದಿಂದಲೇ ಗುಡಿಸಲಿಗೆ ಹೋದರು. ಅಂಜಮ್ಮ ಚಾಪೆ ಹಾಸಲಿಲ್ಲ.

"ಊರೋರ ಮಾತು ಬಿಡ್ರಿ. ನಾನು ಬಾಯಿ ಬಿಟ್ಟು ಹೇಳಿದ ಮ್ಯಾಲೂ ನೀವು ಪುಡಿ ಕಟ್ಕೊಂಡು ಹೋದ್ರಲ್ಲ ಟೀಚರಮ್ಮ."

"ನಿಮ್ಮ ಮಾತೊಂದನ್ನೇ ಹಿಡ್ಕೊಂಡಿದ್ರೆ ಊರು ನಂಬ್ತಿರಲಿಲ್ಲ ಅಂಜಮ್ಮಾ."

"ನೀವು ನಂಬಿದ್ರಾ?"

ಕಸ್ತೂರಮ್ಮ ಸುಳ್ಳು ಹೇಳಲಿಲ್ಲ. "ಪೂರಾ ನಂಬಿರಲಿಲ್ಲ" ಎಂದರು. ಅಂಜಮ್ಮ ತಟ್ಟಿಬಾಗಿಲು ಎಳೆದುಕೊಂಡಳು. ದೀಪಾವಳಿ ಕಳೆಯುತ್ತಲೇ ಹೊನ್ನಾಳಿಯಲ್ಲಿದ್ದ ಮಗಳ ಮನೆಗೆ ಹೊರಟುಹೋದಳು.

ಕಸ್ತೂರಮ್ಮ ಪಾಠದ ರೀತಿ ಬದಲಿಸಲಿಲ್ಲ. ಆದರೆ ಯಾರ ಮೇಲೆ ಮಾತು ಬಂದಿದೆಯೋ ಅವರನ್ನು ಮೊದಲು ಕೇಳಬೇಕೆಂದು, ಅದೂ ಮನೆಗೆ ಹೋಗಿ ಕೂತು ಕೇಳಬೇಕೆಂದು ಹೇಳತೊಡಗಿದರು. ಎಂಬತ್ತೆರಡರಲ್ಲಿ ಅವರಿಗೆ ನ್ಯಾಮತಿಗೆ ವರ್ಗವಾಯಿತು. ಆಮೇಲೆ ಒಮ್ಮೆ ಹೊನ್ನಾಳಿ ಬಸ್‌ ನಿಲ್ದಾಣದಲ್ಲಿ ಅಂಜಮ್ಮ ಕಣ್ಣಿಗೆ ಬಿದ್ದಳು. ಹೋಗಿ ಮಾತಾಡಿಸಲೋ ಬೇಡವೋ ಎಂದು ಇವರು ನಿಂತಲ್ಲೇ ನಿಂತರು. ಮುದುಕಿಯೇ ಗಂಟನ್ನು ಸರಿಸಿ ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು. ಬಸ್ಸು ಬರುವ ತನಕ ಇಬ್ಬರೂ ಅಂಜಮ್ಮನ ಮೊಮ್ಮಕ್ಕಳ ಮಾತಾಡಿದರು.